ಕಸದ ಬುಟ್ಟಿಯಲ್ಲಿ ಹಳೇ ಕೊಲ್ಹಾರ

ನನಗೆ ಸಿಟ್ಟು ಮೂಗಿನ ಮೇಲೆಯೇ ಇರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಸಿಟ್ಟನ್ನು ಬರೆದು ಕಳಿಸಿದರೆ ಧನ್ಯವಾದ ಹೇಳುವ ಜನರೂ ಈ ಲೋಕದಲ್ಲಿ ಇದ್ದಾರೆಂದು ಗೊತ್ತಾದದ್ದು ನಮ್ಮ ಮನೆಗೆ ಲಿನಕ್ಸ್ ಬಂದ ಮೇಲೆ.

ನಮ್ಮದು ಬಸವನ ಬಾಗೇವಾಡಿ. ನಾನು ದಿನಾ ಬಸ್ಸು ಹಿಡಿದು ಗೊಳಸಂಗಿಗೆ ಹೋಗಿ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು. ಬೆಳಿಗ್ಗೆ ಅದರ ಗುಂಡಿ ಒತ್ತಿ, ರೊಟ್ಟಿ ಬಡಿದು, ಪಲ್ಯ ಇಳಿಸಿ ಬಂದರೂ ಅದು ಇನ್ನೂ ಕಣ್ಣು ಬಿಟ್ಟಿರುತ್ತಿರಲಿಲ್ಲ. ಮುದ್ದೇಬಿಹಾಳದ ರಿಪೇರಿಯವನಿಗೆ ತೋರಿಸಿದೆ. "ಅಕ್ಕಾರ, ಇದರ ಆಯುಷ್ಯ ಮುಗದೈತ್ರಿ. ಹೊಸಾದ ತಗೋರಿ" ಎಂದ. "ನಿನ್ನ ಆಯುಷ್ಯ ಗಟ್ಟಿ ಇರ್ಲಿ ತಮ್ಮಾ, ಇದನ್ನ ನಾ ನೋಡ್ಕೋತೇನಿ" ಎಂದು ಎತ್ತಿಕೊಂಡು ಬಂದೆ. ಆಮೇಲೆ ಸಿಂದಗಿಯಲ್ಲಿ ಶಿಕ್ಷಕರ ತರಬೇತಿಗೆ ಹೋದಾಗ ಗೆಳತಿಯೊಬ್ಬಳು ಪೆನ್‌ಡ್ರೈವಿನಲ್ಲಿ ಲಿನಕ್ಸ್ ಎಂಬ, ಕಂಪ್ಯೂಟರನ್ನು ನಡೆಸುವ ತಂತ್ರಾಂಶ ಹಾಕಿಕೊಟ್ಟಳು. ಹೊಸಬರಿಗೆಂದೇ ಮಾಡಿದ್ದಂತೆ, ಪುಕ್ಕಟೆಯಂತೆ, ಹಳೆಯ ಯಂತ್ರಕ್ಕೂ ಒಗ್ಗುತ್ತದಂತೆ. ಹಾಕಿದೆ. ಲ್ಯಾಪ್‌ಟಾಪ್ ಎದ್ದು ಕೂತಿತು. ಪುಕ್ಕಟೆ ಸಿಕ್ಕಿದ್ದಕ್ಕೆ ಕುಂದು ಹುಡುಕಿ ಹೆಸರಿಡಬಾರದು ಅನ್ನುತ್ತಾರೆ. ಅದು ನನ್ನಿಂದ ಆಗುವ ಮಾತಲ್ಲ.

ಆ ಲಿನಕ್ಸ್ ಮಾಡಿದವರು ಅಂತರ್ಜಾಲದಲ್ಲಿ ಒಂದು ಚರ್ಚೆಯ ಕಟ್ಟೆ ನಡೆಸುತ್ತಾರೆ. ಬಳಸುವವರು ಅಲ್ಲಿ ಸಲಹೆ ಬರೆಯಬಹುದು, ಉಳಿದವರು ಹೂಂ ಅನ್ನಬಹುದು ಇಲ್ಲವೇ ಜಗಳ ತೆಗೆಯಬಹುದು. ಇದಕ್ಕಿಂತ ಒಳ್ಳೆಯ ಜಾಗ ನನಗೆ ಬೇಕೆ? ಮೊದಲ ವಾರದಲ್ಲೇ ಶುರುಮಾಡಿದೆ. ಮೌಸಿನ ಬಾಣದ ಗುರುತು ಇಷ್ಟು ಸಣ್ಣದು ಯಾಕೆ? ವಯಸ್ಸಾದವರು ಅದನ್ನು ಹುಡುಕುವಷ್ಟರಲ್ಲಿ ಕರೆಂಟೇ ಹೋಗಿರುತ್ತದೆ. ನಮ್ಮ ಬ್ಯಾಟರಿ ಸತ್ತಿದೆ, ಕರೆಂಟು ಹೋದರೆ ಅರ್ಧ ಮಾಡಿದ ಕೆಲಸವೂ ಅದರ ಹಿಂದೆಯೇ ಯಾಕೆ ಹೋಗಬೇಕು? 'ನವೀಕರಣ ಲಭ್ಯವಿದೆ' ಎಂದು ಮನುಷ್ಯರು ಕೆಲಸದಲ್ಲಿದ್ದಾಗ ನಡುವೆ ಬಾಯಿ ಹಾಕುವುದು ಯಾವ ಊರಿನ ರೀತಿ? ಚಿತ್ರದೊಳಗೆ ಕನ್ನಡ ಬರೆದರೆ ಒತ್ತಕ್ಷರಗಳೆಲ್ಲ ಮುರಿದು ಪಕ್ಕಕ್ಕೆ ಬೀಳುತ್ತವೆ, ಇದನ್ನು ಯಾರಾದರೂ ನೋಡಿದ್ದೀರಾ? ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದೆ. ನನ್ನ ತವರು ಇಂಡಿ, ನಿಂಬೆಹಣ್ಣಿನ ಸೀಮೆ. ನನ್ನ ಇಂಗ್ಲಿಷಿನಲ್ಲೂ ಸ್ವಲ್ಪ ಹುಳಿ ಇಳಿದಿದ್ದರೆ ಆಶ್ಚರ್ಯವಿಲ್ಲ.

ಅಲ್ಲಿ ಒಬ್ಬನಿದ್ದ. ಯಾವ ದೇಶದವನೋ, ಗಂಡೋ ಹೆಣ್ಣೋ ಗೊತ್ತಿಲ್ಲ, ನಾನು ಗಂಡು ಅಂದುಕೊಂಡೆ. ನಾನು ಏನು ಬರೆದರೂ ಬಂದು, "ಇದು ದೋಷವಲ್ಲ. ಬೇಕೆಂದೇ ಹೀಗೆ ಮಾಡಿದ್ದೇವೆ" ಎಂದು ಎರಡು ಸಾಲು ಹಾಕಿ ಹೋಗುತ್ತಿದ್ದ. ಬೇಕೆಂದೇ ಮಾಡಿದ್ದರೆ ಅದು ಇನ್ನೂ ದೊಡ್ಡ ತಪ್ಪಲ್ಲವೇ ಮಾರಾಯ? ನಾನೂ ಬಿಡುತ್ತಿರಲಿಲ್ಲ. ನನ್ನ ಗಂಡ ಊಟದ ಹೊತ್ತಿಗೆ, "ಅಂವಗ ನಿದ್ದಿ ಹತ್ತಿತೋ ಇಲ್ಲೋ ಪಾಪ" ಎಂದು ನಗುತ್ತಿದ್ದರು.

ಸುದ್ದಿ ಹಬ್ಬಿ ಮನೆಮಂದಿಯೆಲ್ಲ ಸಲಹೆ ಕೊಡತೊಡಗಿದರು. ನಮ್ಮ ಅತ್ತೆ ಮಧ್ಯಾಹ್ನ ಊಟವಾದ ಮೇಲೆ ಲ್ಯಾಪ್‌ಟಾಪಿನಲ್ಲಿ ಪ್ರವಚನ ಕೇಳುವವರು. "ಅಲ್ಲವಾ, ಅದನ್ನ ಮುಗಸೂ ಮುಂದ 'ಬಂದ್ ಮಾಡು' ಅಂತ ಬರದಾರಲ್ಲ. ನಾವು ದೀಪಾ ಆರಸು ಅಂತೇವೇನು? ಶಾಂತ ಮಾಡು ಅಂತೇವಿ. ಅವರಿಗಿ ಹೇಳು" ಎಂದರು. ಬರೆದೆ. ಅದಕ್ಕೆ ಮಾತ್ರ ಆ ಬೇಕೆಂದೇ-ಮಾಡಿದವನೂ ನಗುವ ಮುಖ ಹಾಕಿದ. ಅತ್ತೆಗಾಗಿಯೇ ನಾನು ಮೆನುಗಳನ್ನೆಲ್ಲ ಕನ್ನಡಕ್ಕೆ ತಿರುಗಿಸಿದ್ದೆ. ಅಲ್ಲಲ್ಲಿ ಲಿನಕ್ಸಿನವರ ಅನುವಾದ ಕಲ್ಲು ಅಗಿದಂತಿತ್ತು, ಅದನ್ನೂ ಬರೆದು ಕಳಿಸಿದೆ.

ಆದರೆ ಲ್ಯಾಪ್‌ಟಾಪಿನ ನಿಜವಾದ ಯಜಮಾನರು ನಮ್ಮ ಮಾವ. ಅವರು ಹಳೇ ಕೊಲ್ಹಾರದವರು. ಆ ಊರು ಈಗ ಕೃಷ್ಣೆಯ ಹಿನ್ನೀರಿನ ತಳದಲ್ಲಿದೆ; ಜನ ದಂಡೆಯ ಮೇಲೆ ಹೊಸ ಊರು ಕಟ್ಟಿಕೊಂಡರು, ಮಾವ ಬಾಗೇವಾಡಿಗೆ ಬಂದರು. ಹಳೇ ಊರಿನಲ್ಲಿ ಅವರದು ಹಿಟ್ಟಿನ ಗಿರಣಿ. ಊರಿನ ಪ್ರತಿ ಮನೆಯ ಜೋಳವೂ ಅವರ ಕೈ ಹಾಯ್ದು ಹಿಟ್ಟಾಗಬೇಕಿತ್ತು. ಕೊಲ್ಹಾರದ ಸೇತುವೆ ಮೇಲೆ ಬಸ್ಸು ಹೋಗುವಾಗ ಕಿಟಕಿಯಿಂದ ಕೈ ಹೊರಗೆ ಹಾಕಿ, "ಅಲ್ಲಿ ಕೊಕ್ಕರಿ ಕುಂತೈತಿ ನೋಡು, ಅದರ ಕೆಳಗ ನಮ್ಮ ಗಿರಣಿ" ಎಂದು ತೋರಿಸುವವರು. ಪ್ರತಿಸಲವೂ ಕೊಕ್ಕರೆ ಬೇರೆ ಜಾಗದಲ್ಲಿ ಇರುತ್ತಿತ್ತು, ಅದು ಬೇರೆ ಮಾತು.

ಆ ಊರಿನ ಚಿತ್ರ ಬಿಡಿಸಬೇಕೆಂಬ ಹುಕಿ ಅವರಿಗೆ ಬಂತು. ಕಾಗದದ ಮೇಲೆ ಕೈ ನಡುಗುತ್ತದೆ, ಲ್ಯಾಪ್‌ಟಾಪಿನಲ್ಲಿ ತಪ್ಪಿದರೆ ಒರೆಸಬಹುದು ಎಂದು ಚಿತ್ರ ಬಿಡಿಸುವುದನ್ನು ನನ್ನಿಂದ ಕಲಿತರು. ಕಲಿಸುವಾಗ ನನ್ನ ಪಿತ್ತ ನೆತ್ತಿಗೇರಿತ್ತು. ಬಾಣ ಮೇಲೆ ಹೋಗಲಿ ಎಂದರೆ ಮೌಸನ್ನೇ ಗಾಳಿಯಲ್ಲಿ ಎತ್ತುತ್ತಿದ್ದರು. ಆದರೆ ಒಂದು ಸಲ ಹಿಡಿತ ಸಿಕ್ಕ ಮೇಲೆ ಬಿಡಲಿಲ್ಲ. ಒಂದು ಓಣಿಗೆ ಒಂದು ಚಿತ್ರ. ಯಾರ ಕಟ್ಟೆ ಎಷ್ಟು ಎತ್ತರ, ಯಾರ ಬಾಗಿಲು ಯಾವ ದಿಕ್ಕಿಗೆ, ಬೇವಿನ ಮರ ಎಲ್ಲಿ, ಎಮ್ಮೆ ಕಟ್ಟುವ ಗೂಟ ಎಲ್ಲಿ, ಎಲ್ಲ. ಗೊತ್ತಿಲ್ಲದ್ದನ್ನು ಊರಿನ ಹಿರಿಯರಿಗೆ ಫೋನು ಮಾಡಿ ಕೇಳುತ್ತಿದ್ದರು. ಹಾಗೆ ಹೇಳಿದವರಲ್ಲಿ ಕೆಲವರು ಆಮೇಲೆ ತೀರಿಕೊಂಡರು. ಚಿತ್ರದೊಳಗೆ ಅಕ್ಷರ ಮುರಿಯುತ್ತಿದ್ದುದರಿಂದ ಓಣಿಯ ಹೆಸರನ್ನು ಕಡತಕ್ಕೆ ಇಡುತ್ತಿದ್ದರು: ಗಿರಣಿ ಓಣಿ, ಅಗಸಿ ಓಣಿ, ಕುಂಬಾರ ಓಣಿ. ಎಲ್ಲವೂ ಮುಗಿದ ಮೇಲೆ ಒಂದಕ್ಕೊಂದು ಜೋಡಿಸಿ ದೊಡ್ಡದಾಗಿ ಮುದ್ರಿಸಿ, ಹೊಸ ಕೊಲ್ಹಾರದಲ್ಲಿ ಹುಟ್ಟಿದ ಮಕ್ಕಳಿಗೆ ತೋರಿಸಬೇಕೆಂಬುದು ಅವರ ಆಸೆ. ಆ ಒಂದು ಆಸೆಯ ಮೇಲೆ ಅವರು ದಿನಾ ಬೆಳಿಗ್ಗೆ ಏಳುತ್ತಿದ್ದರು ಎಂದರೂ ಸರಿಯೇ.

ಯುಗಾದಿ ಹತ್ತಿರ ಬಂತು. ಅತ್ತೆ ಮನೆಯನ್ನೆಲ್ಲ ತಿರುವಿ ಹಾಕಿ ಸ್ವಚ್ಛ ಮಾಡುತ್ತಿದ್ದರು. ಹಾಸಿಗೆ ಹೊರಗೆ, ಡಬ್ಬಿ ಹೊರಗೆ, ನಾವೂ ಹೊರಗೆ. ಮಧ್ಯಾಹ್ನ ದಣಿದು ಪ್ರವಚನ ಕೇಳೋಣವೆಂದು ಲ್ಯಾಪ್‌ಟಾಪ್ ತೆರೆದರೆ ಪರದೆಯ ಮೇಲೆ ಚೊಕ್ಕ ಕನ್ನಡದಲ್ಲಿ ಬಂತಂತೆ: ಜಾಗ ಕಡಿಮೆ ಇದೆ, ಕಸದ ಬುಟ್ಟಿಯನ್ನು ಖಾಲಿ ಮಾಡಬೇಕೆ? ಇಂಗ್ಲಿಷಿನಲ್ಲಿ ಬಂದಿದ್ದರೆ ಅವರು ಮುಟ್ಟುತ್ತಲೇ ಇರಲಿಲ್ಲ. ಅತ್ತೆ ಸಂತೋಷದಿಂದ ಹೌದು ಎಂದು ಒತ್ತಿದರು.

ನಾನು ಶಾಲೆಯಿಂದ ಬಂದಾಗ ಮಾವ ಲ್ಯಾಪ್‌ಟಾಪಿನ ಮುಂದೆ ಸುಮ್ಮನೆ ಕೂತಿದ್ದರು. ಮಾತಿನ ಮಲ್ಲ ನಮ್ಮ ಮಾವ ಸುಮ್ಮನೆ ಕೂತಿದ್ದಾರೆಂದರೆ ಏನೋ ಆಗಿದೆ ಎಂದೇ ಅರ್ಥ.

"ಊರು ಹೋತವಾ" ಎಂದರು.

"ಯಾವ ಊರ್ರಿ?"

"ನಮ್ಮ ಊರು. ಕಸದ ಬುಟ್ಟ್ಯಾಗ ಇಟ್ಟಿದ್ದೆ. ಒಂದೂ ಇಲ್ಲ."

"ಕಸದ ಬುಟ್ಟ್ಯಾಗ ಯಾರರೆ ಊರ ಇಡ್ತಾರೇನ್ರಿ ಮಾವಾರ!"

"ಮತ್ತೆಲ್ಲಿ ಇಡಬೇಕು? ಅಂಗಳದ ತುಂಬ ಹರವಿ ಇಡಾಕ ಬರ್ತೈತೇನು? ಮುಗದದ್ದು ತಿಪ್ಪಿಗಿ ಹಾಕೂದು. ಅಲ್ಲಿ ಹದಾ ಆಗ್ತೈತಿ. ವ್ಯಾಳ್ಯಾ ಬಂದಾಗ ತಗದು ಹೊಲಕ್ಕ ಹೇರೂದು. ತಿಪ್ಪಿ ಯಾರರೆ ಒಗೀತಾರೇನು? ದಿನಾ ತಗದು ನೋಡ್ತಿದ್ದೆ, ಹಾಕಿದ್ದು ಹಾಕಿದಂಗ ಇರ್ತಿತ್ತು. ಯುಗಾದಿ ಆದ ಮ್ಯಾಲ ಹೊರಗ ತಗದು ಜೋಡಿಸೂದಿತ್ತು."

ಅವರ ಮಾತು ಸುಳ್ಳಲ್ಲ. ದೀಪಾವಳಿಗೆ ತಿಪ್ಪೆಯ ಮೇಲೂ ದೀಪ ಇಡುವ ಜನ ನಾವು. ವರ್ಷವಿಡೀ ಸಗಣಿ, ಬೂದಿ, ಕಬ್ಬಿನ ರವದಿ ಹಾಕಿ ಕಾಪಾಡಿಕೊಂಡು, ಬೇಸಿಗೆಯಲ್ಲಿ ಬಂಗಾರದಂತೆ ಚಕ್ಕಡಿಗೆ ಹೇರುತ್ತೇವೆ. ಬುಟ್ಟಿಗೆ ಹಾಕಿದ್ದು ನಾಶವಾಗಲಿಕ್ಕೇ ಎಂದು ಮಾವನಿಗೆ ಯಾರು ಹೇಳಿದ್ದರು? ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಕಸಬರಿಗೆ ಹಿಡಿದು ನಿಂತಿದ್ದರು. "ಕಸಾ ತುಂಬೇತಿ, ಚೆಲ್ಲಲೇನು ಅಂತ ಕೇಳ್ತು. ಹೊಲಸ ಇಟಗೊಂಡು ಯುಗಾದಿ ಮಾಡೂದೇನು ಅಂತ ಹೂಂ ಅಂದೆ" ಎಂದರು. ಧ್ವನಿ ಅಷ್ಟು ಸಣ್ಣಗಾದದ್ದನ್ನು ನಾನು ಆ ಮನೆಗೆ ಬಂದಾಗಿನಿಂದ ಕೇಳಿರಲಿಲ್ಲ. ಮಾವ ಬೈದಿದ್ದರೆ ಒಳ್ಳೆಯದಿತ್ತು. ಅವರು ಬೈಯಲೂ ಇಲ್ಲ.

ನಾನು ಫೋನಿನಲ್ಲೇ ಆ ಚರ್ಚೆಯ ಕಟ್ಟೆಗೆ ಹೋಗಿ ಬರೆದೆ. ಈ ಸಲ ಸಲಹೆಯಲ್ಲ, ಗೋಗರೆತ. ಬುಟ್ಟಿ ಖಾಲಿಯಾಗಿದೆ, ಚಿತ್ರಗಳು ಬೇಕೇ ಬೇಕು, ಹೇಗಾದರೂ ಮಾಡಿ. ಮೊದಲು ಬಂದವನು ಯಾರೆಂದುಕೊಂಡಿರಿ? ಅದೇ ಬೇಕೆಂದೇ-ಮಾಡಿದವನು. "ತಕ್ಷಣ ಯಂತ್ರ ನಿಲ್ಲಿಸಿ. ಅದರಲ್ಲಿ ಹೊಸದಾಗಿ ಏನನ್ನೂ ಉಳಿಸಬೇಡಿ. ಅಳಿಸಿದಾಗ ಹೋಗುವುದು ವಿಳಾಸ ಮಾತ್ರ. ಅದರ ಮೇಲೆ ಬೇರೇನೂ ಬಂದು ಕೂರುವ ತನಕ ಚಿತ್ರ ಅಲ್ಲಿಯೇ ಇರುತ್ತದೆ" ಎಂದ. ನಾನದನ್ನು ಕನ್ನಡದಲ್ಲಿ ಹೇಳಿದೆ. ಮಾವ ತಲೆ ಎತ್ತಿದರು. "ಅಂದ್ರ ನಮ್ಮ ಊರಿನಂಗ. ಕಾಣಂಗಿಲ್ಲ, ಆದ್ರ ಐತಿ" ಎಂದರು.

ಆಮೇಲೆ ಅವನು ಬುಟ್ಟಿಯಲ್ಲಿ ಅಂಥದ್ದೇನಿತ್ತು, ಜನ ಬೇಕಾದ್ದನ್ನು ಅಲ್ಲಿ ಯಾಕೆ ಇಡುತ್ತಾರೆ ಎಂದು ಕೇಳಿದ. ಒಂದು ಊರು ಇತ್ತು ಎಂದು ಬರೆದೆ. ನೀರಿನ ಕಥೆ, ಗಿರಣಿಯ ಕಥೆ, ತಿಪ್ಪೆಯ ಕಥೆ ಎಲ್ಲ ಬರೆದೆ. ಅದನ್ನೆಲ್ಲ ಓದಿ ಅವನು ಒಂದೊಂದೇ ಹೆಜ್ಜೆ ಹೇಳಿಕೊಟ್ಟ: ಬೇರೆ ಪೆನ್‌ಡ್ರೈವಿನಿಂದ ಯಂತ್ರ ಏಳಿಸುವುದು, ಅಳಿಸಿದ್ದನ್ನು ಹುಡುಕುವ ತಂತ್ರಾಂಶ ಓಡಿಸುವುದು, ಸಿಕ್ಕಿದ್ದನ್ನು ಇನ್ನೊಂದು ಡಿಸ್ಕಿಗೆ ಹಾಕುವುದು. ನಾನು ಎಲ್ಲೋ ಎಡವಿ ರೇಗಿದಾಗಲೂ ಅವನು ರೇಗಲಿಲ್ಲ. ಅಷ್ಟು ದಿನ ಅವನಿಗೆ ಏನೇನು ಅಂದಿದ್ದೆನೋ, ಎಲ್ಲ ನೆನಪಾಗಿ ನಾಚಿಕೆಯಾಯಿತು.

ಯುಗಾದಿಯ ದಿನ ಬೇವು ಬೆಲ್ಲ ತಿಂದು ಕೂತಾಗ ಚಿತ್ರಗಳು ಬಂದವು. ಆದರೆ ಹೆಸರಿಲ್ಲದೆ ಬಂದವು. ಕಡತದ ಹೆಸರು ವಿಳಾಸದ ಜೊತೆಗೇ ಹೋಗಿತ್ತಂತೆ. ಬಂದದ್ದೆಲ್ಲ ಬರೀ ಅಂಕಿ. ಮಾವ ಕನ್ನಡಕ ಒರೆಸಿಕೊಂಡು ಒಂದೊಂದೇ ತೆರೆದು, ಮರ ನೋಡಿ, ಕಟ್ಟೆ ನೋಡಿ, "ಇದು ಅಗಸಿ. ಇದು ಕುಂಬಾರರದು. ಏ, ಇದು ನಮ್ಮ ಗಿರಣಿ!" ಎಂದು ಹುಡುಗರ ಹಾಗೆ ಕೂಗುತ್ತಿದ್ದರು. ನಾನು ಹೆಸರು ಹಾಕುತ್ತಿದ್ದೆ. ಆ ನಡುವೆಯೇ ಚರ್ಚೆಯ ಕಟ್ಟೆಗೆ ಒಂದು ಸಲಹೆಯನ್ನೂ ಬರೆದೆ: ಬುಟ್ಟಿ ಖಾಲಿ ಮಾಡಬೇಕೆ ಎಂದು ಕೇಳುವ ಮೊದಲು ಒಳಗೆ ಏನಿದೆಯೆಂದು ತೋರಿಸಿ, ಎಲ್ಲರ ಮನೆಯ ಕಸವೂ ಕಸವಲ್ಲ. ನನ್ನ ಮಾತಿಗೆ ಅಷ್ಟು ಜನ ಹೂಂ ಅಂದದ್ದು ಅದೇ ಮೊದಲು. ಬೇಕೆಂದೇ-ಮಾಡಿದವನು, "ಇದು ದೋಷವೇ. ಸರಿಪಡಿಸುತ್ತೇವೆ" ಎಂದ.

ಕೊನೆಗೆ ಒಂದು ಓಣಿ ಬರಲಿಲ್ಲ. ಎಷ್ಟು ಹುಡುಕಿದರೂ ಅರ್ಧ ಕಪ್ಪಾದ ಒಂದು ತುಂಡು ಬಿಟ್ಟರೆ ಏನೂ ಸಿಗಲಿಲ್ಲ. "ಹೊಳಿ ಓಣಿ" ಎಂದು ಮಾವ ಮೆಲ್ಲಗೆ ಹೇಳಿದರು. ಹೇಳಿ ಅತ್ತೆಯ ಕಡೆ ನೋಡಿದರು. ಅತ್ತೆ ಅದೇ ಊರಿನಲ್ಲಿ ಹುಟ್ಟಿ ಅದೇ ಊರಿಗೆ ಸೊಸೆಯಾದವರು. ಅವರ ತವರುಮನೆ ಇದ್ದದ್ದು ಹೊಳೆಯ ಓಣಿಯಲ್ಲಿ.

ಅತ್ತೆ ನೆಲಕ್ಕೆ ಕೂತುಬಿಟ್ಟರು. "ಒಮ್ಮಿ ನೀರು ಮುಳುಗಿಸ್ತು. ಈ ಸರೆ ನನ್ನ ಕೈಲೆ ನಾನ ಮುಳುಗಿಸಿದೆ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನನಗೂ ಅಳು ಬಂತು. ಹಬ್ಬದ ಮನೆಯಲ್ಲಿ ಹೋಳಿಗೆ ಆರುತ್ತಿತ್ತು.

ಮಾವ ಎದ್ದು ಒಂದು ಕುರ್ಚಿ ಎಳೆದು ತಮ್ಮ ಪಕ್ಕಕ್ಕೆ ಹಾಕಿದರು. "ಬಾ ಇಲ್ಲಿ. ಅದನ್ನ ನಾ ಹೆಂಗೂ ಸರಿ ತಗದಿದ್ದಿಲ್ಲ" ಎಂದರು. "ಲಗ್ನಕಿಂತ ಮೊದಲ ನಿಮ್ಮ ಮನಿ ಮುಂದ ಹಾಯೂ ಮುಂದ ತಲಿ ಎತ್ತಿ ನೋಡೇನೇನ ನಾ? ನಿಮ್ಮಪ್ಪ ಕಟ್ಟಿ ಮ್ಯಾಲ ಕುಂತಿರ್ತಿದ್ದ, ಹುಲಿ ಕುಂತಂಗ. ಆಮ್ಯಾಲ ಅಳಿಯಾ ಆಗಿ ಬಂದರೂ ಅದ ಅಂಜಿಕಿ. ನೆನಪಿದ್ದಷ್ಟು ಅಂದಾಜಿಲೆ ತಗದಿದ್ದೆ. ನೀ ಹೇಳು, ಈಗ ತಗೀತೇನಿ."

ಅಷ್ಟು ತಿಂಗಳು ಊರಿನವರಿಗೆಲ್ಲ ಫೋನು ಮಾಡಿದ ಮನುಷ್ಯ ಪಕ್ಕದ ಕೋಣೆಯಲ್ಲಿದ್ದವರನ್ನು ಕೇಳಿರಲಿಲ್ಲವೆಂದು ನನಗೆ ಆಗ ಹೊಳೆಯಿತು. ಅತ್ತೆ ಕಣ್ಣು ಒರೆಸಿಕೊಂಡು ಬಂದು ಕುರ್ಚಿಯ ತುದಿಯಲ್ಲಿ ಕೂತರು. ಮೊದಮೊದಲು ತಡವರಿಸಿ ಹೇಳಿದರು, ಆಮೇಲೆ ದಬಾಯಿಸಿಯೇ ಹೇಳಿದರು. ಕಟ್ಟೆ ಎಡಕ್ಕಲ್ಲ, ಬಲಕ್ಕೆ. ತುಳಸಿ ಇನ್ನೂ ಮುಂದೆ. ಮಾವ ಮರುಮಾತಿಲ್ಲದೆ ಒರೆಸುತ್ತ, ಮತ್ತೆ ಬಿಡಿಸುತ್ತ ಹೋದರು. ಗೋಡೆ ಎದ್ದಿತು, ಮಾಳಿಗೆ ಬಂತು, ಬಾಗಿಲು ಬಂತು.

ಅತ್ತೆ ಅವರ ಕೈ ಹಿಡಿದು ನಿಲ್ಲಿಸಿದರು. "ಬಾಗಲಾ ಯಾಕ ಮುಚ್ಚೀರಿ? ನಮ್ಮ ಅವ್ವ ಇರೂತನಕ ಹಗಲೊತ್ತಿನ್ಯಾಗ ಆ ಬಾಗಲಾ ಮುಚ್ಚಿದ್ದಿಲ್ಲ."

ಮಾವ ಎರಡು ಗೆರೆ ಒರೆಸಿದರು. ಗೋಡೆಯ ನಡುವೆ ಬಿಳಿಯ ಜಾಗವೊಂದು ತೆರೆದುಕೊಂಡಿತು. ಅತ್ತೆ ಪರದೆಗೆ ಮುಖ ತಾಗುವಷ್ಟು ಬಾಗಿ ಅದರೊಳಗೆ ನೋಡಿದರು.

"ಹಾಂ, ಈಗ ನಮ್ಮನಿ ಆತು" ಎಂದರು.