ಕನ್ನಡಿಯಲ್ಲಿ ಕಂಡವಳು ನಾನೇ

ನನ್ನ ಅಕ್ಕನ ಗಂಡ ಮದುವೆಗೆ ಒಪ್ಪಿದ್ದು ನನ್ನ ಮುಖ ನೋಡಿ. ಅದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡೆ; ಮುಂದೆ ಅವರೇ ಕೇಳಿದಾಗ ಬಾಯಿ ತೆರೆದು ಸುಳ್ಳು ಹೇಳಿದೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಮಾತಾಡುವವರನ್ನು ಕಂಡರೆ ನನಗಾಗದು — ಆದರೆ ಈ ವಿಷಯದಲ್ಲಿ ನನ್ನಷ್ಟು ಸುತ್ತಿ ಬಳಸಿದವರು ಇನ್ನೊಬ್ಬರಿಲ್ಲ.

ನಮ್ಮೂರು ರಾವಂದೂರು. ಅಪ್ಪನದು ಅಲ್ಲೇ ಬಟ್ಟೆ ಅಂಗಡಿ. ಅಕ್ಕ ಗೌರಮ್ಮನಿಗೆ ಚಿಕ್ಕಂದಿನಲ್ಲಿ ಸಿಡುಬು ಬಂದು ಕೆನ್ನೆ, ಹಣೆಯ ಮೇಲೆಲ್ಲ ಕಲೆ ಉಳಿದಿತ್ತು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಹೇಳಿ ಕಳಿಸುತ್ತೇವೆ ಎನ್ನುತ್ತಿದ್ದರು, ಕಳಿಸುತ್ತಿರಲಿಲ್ಲ. ನಾನು ಪಿರಿಯಾಪಟ್ಟಣದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಹೈಸ್ಕೂಲು ಓದುತ್ತಿದ್ದೆ. ಆ ವರ್ಷ ವಿಜ್ಞಾನದಲ್ಲಿ ಬೆಳಕಿನ ಪಾಠ ಬಂದಿತ್ತು — ಕಿರಣ ಕನ್ನಡಿಯ ಮೇಲೆ ಎಷ್ಟು ಓರೆಯಾಗಿ ಬೀಳುತ್ತದೋ ಅಷ್ಟೇ ಓರೆಯಾಗಿ ಹಿಂತಿರುಗುತ್ತದೆ ಎಂದು. ಆ ಒಂದು ವಾಕ್ಯ ಕಲಿತು ಜಗತ್ತೇ ಅರ್ಥವಾಯಿತೆಂದು ಬೀಗುತ್ತಿದ್ದೆ.

ಭೇರ್ಯದಿಂದ ಸಿದ್ದಪ್ಪ ಎಂಬ ಗಂಡಿನ ಕಡೆಯವರು ಬರುತ್ತಾರೆಂದು ಗೊತ್ತಾಯಿತು. ನಾಲೆಯ ನೀರಿನ ಗದ್ದೆ, ಒಳ್ಳೆಯ ಮನೆತನ. ಅದಕ್ಕೆಂದೇ ನಾನೂ ಊರಿಗೆ ಬಂದು ಹೊಸ ಸೀರೆ ಉಟ್ಟಿದ್ದೆ. ಆ ಬೆಳಿಗ್ಗೆ ಅಕ್ಕ ನನ್ನ ಹತ್ತಿರ ಬಂದು, "ನಾಗು, ನಾನಂತೂ ತಲೆ ಎತ್ತಕಾಗಕಿಲ್ಲ ಕಣೆ. ಅವರ ಮುಖ ಒಂದ್ಸಲ ನೋಡಂಗೆ ಏನಾರ ಮಾಡೆ" ಎಂದಳು. ನಾನು ಪಡಸಾಲೆಯ ಕನ್ನಡಿಯ ಹಿಂದೆ ರಟ್ಟು ಸಿಕ್ಕಿಸಿ ಅದನ್ನು ಓರೆ ಮಾಡಿದೆ. ಒಳಕೋಣೆಯ ಬಾಗಿಲ ಮರೆಯಲ್ಲಿ ನಿಂತರೆ ಗಂಡು ಕೂರುವ ಚಾಪೆ ನಿಚ್ಚಳವಾಗಿ ಕಾಣುತ್ತಿತ್ತು.

ಅವರು ಬಂದು ಕೂತಾಗ ಅಕ್ಕನಿಗೆ ಧೈರ್ಯ ಸಾಲಲಿಲ್ಲ. ಮೂಲೆಯಲ್ಲಿ ಮುದುರಿ ಕೂತು, "ನೀನೇ ನೋಡಿ ಯೇಳು" ಎಂದಳು. ನೋಡಿದೆ. ಕನ್ನಡಿಯೊಳಗೆ ಅವರೂ ನನ್ನನ್ನು ನೋಡಿದರು.

ನನಗೆ ಅವರ ಕಣ್ಣು ಕಾಣುತ್ತಿದೆ ಎಂದರೆ ಅವರಿಗೆ ನನ್ನ ಕಣ್ಣು ಕಾಣುತ್ತಿದೆ — ಅದೂ ಅದೇ ಪಾಠದಲ್ಲಿತ್ತು. ಒಳಕೋಣೆಯಲ್ಲಿ ಹೊಸ ಸೀರೆ ಉಟ್ಟು ನಿಂತ ಹುಡುಗಿ ಎಂದರೆ ನೋಡಲು ಬಂದ ಹೆಣ್ಣೇ ಎಂದು ಯಾರಾದರೂ ತಿಳಿಯುತ್ತಾರೆ. ನಾನು ಪಕ್ಕಕ್ಕೆ ಸರಿಯಬೇಕಿತ್ತು. ಸರಿಯಲಿಲ್ಲ. ಯಾಕೆ ಎಂದು ಇಷ್ಟು ವರ್ಷ ಏನೇನೋ ಕಾರಣ ಹುಡುಕಿದ್ದೇನೆ, ಒಂದೂ ನಿಲ್ಲುವುದಿಲ್ಲ. ಅವರು ನೋಡುತ್ತಿದ್ದದ್ದು ನನಗೆ ಹಿತವಾಗಿತ್ತು — ಅಷ್ಟೇ.

ಆಮೇಲೆ ಅಕ್ಕ ತಲೆ ತಗ್ಗಿಸಿ, ಸೆರಗು ಮುಂದೆಳೆದುಕೊಂಡು ಎಲೆ ಅಡಿಕೆ ತಟ್ಟೆ ತಂದಿಟ್ಟಳು. ಹಿರಿಯರ ಎದುರು ಅವರೂ ತಲೆ ತಗ್ಗಿಸಿದರು. ನೋಡಬೇಕಾದದ್ದು ಆಗಲೇ ನೋಡಿದ್ದಾಯಿತಲ್ಲ.

ಆ ವಾರವೇ ಒಪ್ಪಿಗೆ ಬಂತು. ಅವ್ವ ಬೀದಿಗೆಲ್ಲ ಸಕ್ಕರೆ ಹಂಚಿದಳು. ಅಕ್ಕ ಹಿತ್ತಿಲಲ್ಲಿ ಒಬ್ಬಳೇ ನಿಂತು ಅತ್ತಳು — ಮುಖ ನೋಡಿಯೂ ಒಪ್ಪಿದರಲ್ಲ ಎಂದು. ಅದನ್ನು ಕೇಳಿಸಿಕೊಂಡೂ ಸುಮ್ಮನಿದ್ದೆ. ದೊಡ್ಡವಳ ಮದುವೆಯಾಗದೆ ಚಿಕ್ಕವಳನ್ನು ಓದಲು ಮೈಸೂರಿಗೆ ಕಳಿಸುವುದಿಲ್ಲ ಎಂದು ಅಪ್ಪ ಹೇಳಿಬಿಟ್ಟಿದ್ದರು. ಅದೂ ತಲೆಯಲ್ಲಿತ್ತು.

ಮದುವೆಯ ದಿನ ಚಪ್ಪರದ ಬಾಗಿಲಲ್ಲಿ ಗಂಡನ್ನು ಎದುರುಗೊಳ್ಳಲು ಕಳಶ ಹಿಡಿದು ನಿಂತವಳು ನಾನು. ಅವರು ನನ್ನನ್ನು ನೋಡಿದರು, ನಕ್ಕರು — ಮತ್ತೆ ಕೈಯಲ್ಲಿದ್ದ ಕಳಶ ನೋಡಿದರು. ಕಳಶ ಹಿಡಿಯುವವಳು ಹೆಣ್ಣಿನ ತಂಗಿ. ನಗು ಇಳಿಯಿತು. ಜನ ಬಾಸಿಂಗ ಹುಡುಕುವ ಗಲಾಟೆಯಲ್ಲಿದ್ದಾಗ, ಕೈ ತೊಳೆಯಲು ನೀರು ಕೊಟ್ಟ ನನ್ನನ್ನು ಮೆಲ್ಲಗೆ ಕೇಳಿದರು.

"ಅವತ್ತು ಕನ್ನಡೀಲಿ ಕಂಡೋಳು ನೀನಲ್ವಾ?"

"ಇಲ್ಲ ಭಾವ, ಅದು ಅಕ್ಕ" ಎಂದೆ. "ಕನ್ನಡೀಲಿ ಎಡ ಬಲ ಆಯ್ತದೆ, ಬಲ ಎಡ ಆಯ್ತದೆ. ಮುಖ ಬ್ಯಾರೆ ತರ ಕಾಣ್ತದೆ. ನಮ್ ಸ್ಕೂಲಲ್ಲಿ ಯೇಳ್ಕೊಟ್ಟವ್ರೆ."

ಅವರು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡರು. "ಓದಿರೋಳು ನೀನು. ಅಂಗೇ ಇರ್ಬೋದು ಬುಡು" ಎಂದು ಒಳಗೆ ಹೋದರು. ತಾಳಿ ಕಟ್ಟಿದರು.

ಈಗ ನಾನು ಹುಣಸೂರಿನಲ್ಲಿ ಹುಡುಗಿಯರ ಶಾಲೆಯ ಮೇಷ್ಟ್ರಮ್ಮ. ಪ್ರತಿ ವರ್ಷ ಆ ಪಾಠ ಬರುತ್ತದೆ. ಪ್ರತಿ ವರ್ಷ ಯಾವಳಾದರೂ ಒಬ್ಬಳು ಎದ್ದು, ಎಡ ಬಲ ಅದಲುಬದಲಾಗುವುದಾದರೆ ತಲೆ ಕಾಲು ಯಾಕೆ ಆಗುವುದಿಲ್ಲ ಎಂದು ಕೇಳುತ್ತಾಳೆ. ಕನ್ನಡಿ ಏನನ್ನೂ ಅದಲುಬದಲು ಮಾಡುವುದಿಲ್ಲ ಕಣಮ್ಮ, ಎದುರಿಗೆ ಇದ್ದದ್ದನ್ನು ಎದುರಿಗೇ ತೋರಿಸುತ್ತದೆ, ತಿರುಗಿ ನಿಂತವರು ನಾವು — ಎಂದು ಸಿಡುಕಿ ಕೂರಿಸುತ್ತೇನೆ. ಪಾಪ, ಆ ಮಗುವಿನ ಮೇಲೆ ನನಗೇನು ಸಿಟ್ಟು. ಕನ್ನಡದ ಪಾಠಕ್ಕೆ ಹೋದರೆ ಅಲ್ಲೂ ಬಿಡುವುದಿಲ್ಲ: ಮನಸ್ಸು ಕನ್ನಡಿ, ಮುಖ ಮನಸ್ಸಿನ ಕನ್ನಡಿ, ಅಂಗೈ ಹುಣ್ಣಿಗೆ ಕನ್ನಡಿ ಬೇಕೆ. ಸಾಕಪ್ಪ ಸಾಕು ಅನ್ನಿಸುತ್ತದೆ. ಕವಿಗಳಿಗೆ ಬೇರೆ ಹೋಲಿಕೆಯೇ ಸಿಗಲಿಲ್ಲವೆ?

ಭಾವ ಕೆಟ್ಟವರಲ್ಲ. ಅಕ್ಕನಿಗೆ ಒಂದು ಏಟು ಹೊಡೆದವರಲ್ಲ, ಒಂದು ಮಾತು ಅಂದವರಲ್ಲ. ಆದರೆ ಮದುವೆಯಾದ ತಿಂಗಳಲ್ಲೇ ಭೇರ್ಯದ ಮನೆಯ ಕನ್ನಡಿಗಳನ್ನೆಲ್ಲ ತೆಗೆಸಿಹಾಕಿದರು. "ಕನ್ನಡಿ ನಂಬಂಗಿಲ್ಲ" ಎಂದರಂತೆ, ಅಷ್ಟೇ. ಅಕ್ಕ ಹಂಡೆಯ ನೀರಿನಲ್ಲಿ ಬಗ್ಗಿ ನೋಡಿಕೊಂಡು ಬೈತಲೆ ತೆಗೆಯುವುದನ್ನು ಕಲಿತಳು. ಒಂದು ಸಲ ಹೋದಾಗ ಹಣೆಯ ಕುಂಕುಮ ಹುಬ್ಬಿನ ಮೇಲೆ ಇಳಿದಿತ್ತು. ಒರೆಸಲು ಕೈ ಚಾಚಿದೆ. ಅಕ್ಕ ನನ್ನ ಕೈ ಹಿಡಿದು ಕೇಳಿದಳು: "ನಾಗು, ನಿಜ ಯೇಳು. ನನ್ ಮುಖ ನಾನೇ ನೋಡ್ಕಬಾರ್ದು ಅನ್ನೋವಷ್ಟು ಕೆಟ್ಟದಾಗೈತಾ?"

ಅವತ್ತಾದರೂ ಹೇಳಬಹುದಿತ್ತು. "ಏನೇನೋ ಅಂದ್ಕೋಬ್ಯಾಡ ಸುಮ್ಕಿರು" ಎಂದು ಗದರಿಸಿ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಭಾವನ ಮೇಲೆ ಸಿಟ್ಟು, ಅಪ್ಪನ ಮೇಲೆ ಸಿಟ್ಟು, ಅಷ್ಟು ಅಮಾಯಕಳಾಗಿ ಕೇಳುವ ಅಕ್ಕನ ಮೇಲೂ ಸಿಟ್ಟು. ನನ್ನೊಬ್ಬಳನ್ನು ಬಿಟ್ಟು ಎಲ್ಲರನ್ನೂ ಬೈದುಕೊಂಡೆ.

ಹೋದ ಸಂಕ್ರಾಂತಿಯ ರಜೆಯಲ್ಲಿ ಮತ್ತೆ ಹೋದೆ. ಅಕ್ಕ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ — ರಟ್ಟು ಸಿಕ್ಕಿಸಿದ್ದು, ಸರಿಯದೆ ನಿಂತದ್ದು, ಚಪ್ಪರದ ಬಾಗಿಲ ಸುಳ್ಳು. ನಡುವೆ ಎಲ್ಲೋ ಆಗ ನಾನಿನ್ನೂ ಚಿಕ್ಕವಳು ಎಂಬ ಮಾತು ನಾಲಿಗೆಗೆ ಬಂತು, ನುಂಗಿದೆ.

ಅಕ್ಕ ಸುಲಿಯುವುದನ್ನು ನಿಲ್ಲಿಸಲಿಲ್ಲ. ತಲೆ ಎತ್ತದೆ ಹೇಳಿದಳು: "ನೀನು ನೋಡ್ದೆ, ಅವರು ನೋಡುದ್ರು. ಅದು ಬುಡು. ಅವರು ಕೇಳ್ದಾಗ ನಾನು ಒಳಗೇ ಕುಂತಿದ್ದೆ. ಬಂದು ನಂಗೊಂದು ಮಾತು ಯೇಳಿದ್ರೆ, ಈ ಮದ್ವೆ ಬ್ಯಾಡ ಅಂತ ನಾನೇ ಅಂತಿದ್ದೆ. ಆ ಮಾತು ನಂದು. ನನ್ ಬದ್ಲಿಗೆ ನೀನು ಹೂಂ ಅಂದೆ."

ಭಾವನಿಗೆ ನಾನು ಮೋಸ ಮಾಡಿದೆ ಎಂದೇ ಇಷ್ಟು ವರ್ಷ ಕೊರಗಿದ್ದೆ. ಅಕ್ಕನ ಕೈಯಿಂದ ಏನು ಕಿತ್ತುಕೊಂಡೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಭಾವ ಗದ್ದೆಯಿಂದ ಬಂದರು. "ಅವರ್ಗೂ ಯೇಳು. ನಾನೊಬ್ಳೇ ಹೊತ್ಕೊಳಕಿಲ್ಲ ಇದ್ನ" ಎಂದಳು ಅಕ್ಕ. ಹೇಳಿದೆ. ಅವರು ನಿಂತುಕೊಂಡೇ ಕೇಳಿದರು. "ನನ್ ಕಣ್ಣೇ ಕೆಟ್ಟದ್ದು ಅಂದ್ಕಂಡಿದ್ದೆ" ಎಂದರು. ಅಕ್ಕನ ಕಡೆ ಒಮ್ಮೆ ತಿರುಗಿ ನೋಡಿದರು. ಎತ್ತು ಕಟ್ಟಲು ಕೊಟ್ಟಿಗೆಗೆ ಹೋದರು.

ನಾನು ಹೊರಡಲು ಎದ್ದೆ. ಕ್ಷಮಿಸು ಎಂದು ಕೇಳಲಿಲ್ಲ. ಕೇಳಿದರೆ ಅದಕ್ಕೂ ಅವಳೇ ಹೂಂ ಅನ್ನಬೇಕಾಗುತ್ತಿತ್ತು. ಅಕ್ಕ ಒಳಗಿನಿಂದ ತಟ್ಟೆ ತಂದಿಟ್ಟಳು. ಹುಟ್ಟಿದಂದಿನಿಂದ ನನ್ನನ್ನು ಲೇ ಎಂದು, ನಾಗು ಎಂದು ಕರೆದವಳು, ನೆಲ ನೋಡುತ್ತ ಹೇಳಿದಳು:

"ಊಟ ಮಾಡ್ಕಂಡು ಹೋಗಿ."