ಗಿರೀಶನಿಗೆ ಬಿಟ್ಟ ಜಾಗ

ವರ್ಷಗಟ್ಟಲೆ ರಾಕ್ ಬ್ಯಾಂಡಿನಲ್ಲಿ ಹಾಡಿದವನು, ಮೊದಲ ಸಲ ಒಬ್ಬನೇ ಆಲ್ಬಂ ಮಾಡೋಣ ಅಂತ ಸಾಂತಾಕ್ರೂಜಿನ ಸ್ಟುಡಿಯೋಗೆ ಹೋಗಿದ್ದೆ. ಪಲ್ಲವಿ ಮುಗಿಸಿ ಸುಮ್ಮನೆ ನಿಂತುಬಿಟ್ಟೆ. ಗಾಜಿನಾಚೆ ಕೂತಿದ್ದ ರೆಕಾರ್ಡಿಸ್ಟ್, ವಿಜಯಪುರ ಕಡೆಯ ಹೆಣ್ಣುಮಗಳು, ಕೇಳಿದಳು: "ಯಾರ ದಾರಿ ಕಾಯಾಕತ್ತೀರಿ ಸರ್?"

ಆಗಲೇ ನನಗೂ ಹೊಳೆದದ್ದು. ಬ್ಯಾಂಡಿನಲ್ಲಿ ಪಲ್ಲವಿ ಆದಮೇಲೆ ನಮ್ಮ ಗಿರೀಶ ಗಿಟಾರ್ ನುಡಿಸುತ್ತಾನೆ, ನಾನು ನೀರು ಕುಡಿಯುತ್ತೇನೆ. ಈಗಲೂ ಕೈ ಬಾಟಲಿಯ ಮೇಲೇ ಇತ್ತು!

"ಖಾಲಿ ಜಾಗ ಕಟ್ ಮಾಡ್ಲೇನ್ರೀ?"

ರೆಕಾರ್ಡಿಂಗನ್ನು ಮತ್ತೆ ಹಾಕಿಸಿ ಕೇಳಿದೆ. ಆ ಮೌನ ಹಾಡಿಗೆ ಚೆಂದ ಒಪ್ಪಿತ್ತು. "ಬೇಡ, ಇರಲಿ," ಅಂದೆ.

ಮೊನ್ನೆ ದಾದರ್ ಸ್ಟೇಷನ್ನಿನಲ್ಲಿ ಗಿರೀಶನಿಗೆ ಇಯರ್‌ಫೋನ್ ಕೊಟ್ಟು ಕೇಳಿಸಿದೆ, ಕಥೆಯನ್ನೂ ಹೇಳಿದೆ. "ಹಾಡು ಪರವಾಗಿಲ್ಲ ಮಾರಾಯ," ಅಂದ. "ನಾನು ನುಡಿಸದೆ ಇರೋ ಜಾಗ ಮಾತ್ರ ಸೂಪರ್!"

ಈಗ ಆಲ್ಬಂ ಮೇಲೆ ಅವನ ಹೆಸರೂ ಹಾಕಬೇಕಂತೆ.