ಗುರುವಯ್ಯ ಕೇಳಿದ ಮೂರು ದಿನ

ಗೋಣಿಬೀಡಿನಲ್ಲಿ ಇಳಿದು ಗುರುವಯ್ಯನವರ ಶೆಡ್ಡು ಎಲ್ಲಿ ಅಂತ ಕೇಳಿದರೆ ಯಾರೂ ಮೊದಲು ದಾರಿ ಹೇಳುವುದಿಲ್ಲ. "ಗಾಡಿಗೆ ಎಂತ ಆಗಿದೆ?" ಅಂತ ಕೇಳುತ್ತಾರೆ. ಅಂದರೆ ಕೇಳುತ್ತಿದ್ದರು. ನಾನು ಹೇಳುತ್ತಿರುವುದು ಈ ಮಳೆಗಾಲಕ್ಕೆ ಮುಂಚಿನ ಮಾತು.

ಗುರುವಯ್ಯ ಮೊದಲು ಒಂದು ದೊಡ್ಡ ಎಸ್ಟೇಟಿನಲ್ಲಿ ಜೀಪು ಓಡಿಸುತ್ತಿದ್ದವರು. ಕೆಟ್ಟರೆ ರಿಪೇರಿಯೂ ಅವರದೇ. ಆಮೇಲೆ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಆಚೆ ತಗಡಿನ ಶೆಡ್ಡು ಹಾಕಿ ಮೂವತ್ತು ವರ್ಷ ಅಲ್ಲೇ ಕೂತರು. ಅವರು ಕಣ್ಣಿನಿಂದ ಕೆಲಸ ಮಾಡುವ ಮೆಕ್ಯಾನಿಕ್ ಅಲ್ಲ. ಗಾಡಿಯ ಹೊಟ್ಟೆಗೆ ಕೈ ಹಾಕಿ, ಮುಖವನ್ನು ರಸ್ತೆ ಕಡೆ ತಿರುಗಿಸಿ, ಹೋಗಿ ಬರುವವರನ್ನು ಮಾತಾಡಿಸುತ್ತಾ, "ಈ ಬೋಲ್ಟು ಅರ್ಧ ಸುತ್ತು ಸಡಿಲ ಇದೆ" ಅನ್ನುತ್ತಿದ್ದರು. ಬೆಳಕಿಗೆ ಟಾರ್ಚ್ ಹಿಡಿಯಲು ಹೋದರೆ ಬೇಡ ಅನ್ನುತ್ತಿದ್ದರು. ಜಂಬ ಅಂದುಕೊಂಡಿದ್ದೆ ನಾನು. ನನಗೆ ಬೇರೆಯವರ ಜಂಬ ಬೇಗ ಕಾಣುತ್ತದೆ.

ನಾನು ಅಂಬುಜಾ. ದೇವರಮನೆ ಬೆಟ್ಟದ ಕಡೆಯ ರಸ್ತೆಯಲ್ಲಿ ನಮ್ಮ ಶಾಲೆ, ಇಪ್ಪತ್ತೆಂಟು ವರ್ಷದಿಂದ ಟೀಚರ್. ಮೂಗಿನ ತುದಿಯಲ್ಲೇ ಕೋಪ ಅಂತ ಮಕ್ಕಳಿಂದ ಹಿಡಿದು ಬಿಸಿಯೂಟದ ದ್ಯಾವಮ್ಮನವರೆಗೆ ಎಲ್ಲರಿಗೂ ಗೊತ್ತು. ಹೌದು, ಇದೆ. ಕೋಪ ಮಾಡಿಕೊಳ್ಳುವವರು ಸುಳ್ಳು ಹೇಳುವುದಿಲ್ಲ ಅಂತ ಸಮಾಧಾನ ಮಾಡಿಕೊಂಡು ಬಂದವಳು.

ನಮ್ಮ ಕಡೆ ಕಾರು ಇಟ್ಟುಕೊಂಡವರಿಗೆ ಒಂದು ಕೆಲಸ ಹೆಚ್ಚು. ಮಳೆ ಹಿಡಿದ ಮೇಲೆ ತೋಟದ ಇಲಿಗಳಿಗೆ ಬಿಸಿ ಎಂಜಿನ್ನಿಗಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಒಳಗೆ ಸೇರಿ ವೈರು ಕಡಿದು ಹಾಕುತ್ತವೆ. ಅದಕ್ಕೇ ಸಂಜೆ ಕಾರು ನಿಲ್ಲಿಸಿದ ಕೂಡಲೇ ಬಾನೆಟ್ ಎತ್ತಿ ಕೋಲು ಕೊಟ್ಟುಬಿಡುತ್ತೇವೆ, ಗಾಳಿಯಾಡಿ ತಣ್ಣಗಾದರೆ ಇಲಿ ಬರುವುದಿಲ್ಲ. ಕಾರು ಮಾಡಿದವರು ಬಾನೆಟ್ಟನ್ನು ವರ್ಷಕ್ಕೆ ನಾಲ್ಕು ಸಲ ಎತ್ತುತ್ತಾರೆ ಅಂದುಕೊಂಡು ಸ್ಟಿಯರಿಂಗ್ ಅಡಿಯಲ್ಲಿ ಲಿವರ್ ಇಟ್ಟಿರುತ್ತಾರೆ, ನಾವು ತಿಂಗಳಿಗೆ ಮೂವತ್ತು ಸಲ ಎಳೆಯುತ್ತೇವೆ.

ಬರೀ ಲಿವರ್ ಎಳೆದರೆ ಬಾನೆಟ್ ಏಳುವುದಿಲ್ಲ. ಒಂದು ಬೆರಳಿನಷ್ಟು ಮೇಲೆ ಬಂದು ನಿಲ್ಲುತ್ತದೆ. ಆ ಸಂದಿಯಲ್ಲಿ ಕೈ ತೂರಿಸಿ ಎರಡನೇ ಕೊಕ್ಕೆಯನ್ನು ಸರಿಸಬೇಕು. ಲಾಕ್ ಬಿಟ್ಟುಹೋದರೂ ಓಡುವಾಗ ಬಾನೆಟ್ ಹಾರದ ಹಾಗೆ ಹಿಡಿಯಲು ಇರುವ ಕೊಕ್ಕೆ ಅದು. ನಮ್ಮ ಕಾರಿನದು ತುಕ್ಕು ಹಿಡಿದು ಬಿಗಿಯಾಗಿತ್ತು. ಜೂನ್ ತಿಂಗಳ ಒಂದು ಸಂಜೆ ನನ್ನ ಹೆಬ್ಬೆರಳಿನ ಉಗುರು ಕಿತ್ತು ಬಂತು. ನನ್ನ ಗಂಡ ವಿಷ್ಣುಮೂರ್ತಿ ದೇವಸ್ಥಾನದ ಅರ್ಚಕರು, ಆಗ ಪೂಜೆ ಮುಗಿಸಿ ಬಂದು ಕೂತಿದ್ದರು. "ಈ ಕೊಕ್ಕೆಗೊಂದು ಗತಿ ಕಾಣಿಸಿ, ಇಲ್ಲ ನೀವೇ ದಿನಾ ಬಂದು ಎತ್ತಿ" ಅಂತ ಅವರ ಮೇಲೆ ಹಾರಾಡಿದೆ. ಮಾರನೆಯ ದಿನದಿಂದ ಕೊಕ್ಕೆ ತೊಂದರೆ ಕೊಡಲಿಲ್ಲ. ಎಣ್ಣೆ ಬಿಟ್ಟಿರಬೇಕು ಅಂದುಕೊಂಡೆ, ಕೇಳಲು ಹೋಗಲಿಲ್ಲ.

ಜುಲೈನಲ್ಲಿ ಲಿವರ್ರೇ ಸಡಿಲವಾಯಿತು. ಎಳೆದರೆ ಅಲುಗುವ ಹಲ್ಲಿನ ಹಾಗೆ ಇಡೀ ಬುಡವೇ ಮುಂದೆ ಬರುತ್ತಿತ್ತು. ಒಂದು ಸೋಮವಾರ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಗುರುವಯ್ಯನವರ ಶೆಡ್ಡಿನ ಮುಂದೆ ನಿಲ್ಲಿಸಿದೆ. ಅವರು ಬಲಬದಿಯ ಬಾಗಿಲು ತೆಗೆದು, ನೆಲಕ್ಕೆ ಮಂಡಿಯೂರಿ, ಡ್ಯಾಶ್‌ಬೋರ್ಡಿನ ಅಡಿಗೆ ಕೈ ಹಾಕಿದರು. ಐದು ನಿಮಿಷದ ಕೆಲಸ. ಅರ್ಧ ಗಂಟೆ ಆಯಿತು. ಸ್ಕ್ರೂ ಎರಡು ಸಲ ಕೈಯಿಂದ ಬಿತ್ತು. ತೋರುಬೆರಳಿನ ತುದಿಯಲ್ಲಿ ಸುಟ್ಟ ಗುಳ್ಳೆ ಒಡೆದಿತ್ತು, ಅದಕ್ಕೆ ಗ್ರೀಸ್ ಮೆತ್ತಿಕೊಂಡಿದ್ದರೂ ಅವರಿಗೆ ಅದರ ಪರಿವೆ ಇರಲಿಲ್ಲ. ಇದನ್ನೆಲ್ಲ ನಾನು ನೋಡಿದೆ. ನೋಡಿ ಏನು ಮಾಡಿದೆ? ವಾಚು ತೋರಿಸಿ, "ಗುರುವಯ್ಯ, ನಂಗೆ ಪ್ರಾರ್ಥನೆಗೆ ತಡ ಆಗ್ತಿದೆ" ಅಂದೆ.

ಲಿವರ್ ಗಟ್ಟಿಯಾಗಿತ್ತು. ಅವರು ಬಾನೆಟ್ಟನ್ನು ಒಂದು ಗೇಣು ಎತ್ತಿ ಕೈಬಿಡುವುದು ವಾಡಿಕೆ. ಬಿಟ್ಟಾಗ ಎರಡು ಶಬ್ದ ಬರಬೇಕು, ಕೊಕ್ಕೆಯದೊಂದು, ಲಾಕಿನದೊಂದು. ಆವತ್ತು ಅವರು ಎತ್ತುವ ಮೊದಲೇ ನಾನು ಅಂಗೈಯಲ್ಲಿ ಒತ್ತಿ ಮುಚ್ಚಿ ಹೊರಟುಬಿಟ್ಟೆ.

ಬುಧವಾರ ಸಂಜೆ ಶಾಲೆ ಬಿಟ್ಟು ಇಳಿಯುವಾಗ ಪಕ್ಕದ ಸೀಟಿನಲ್ಲಿ ಸುಪ್ರಿಯಾ ಇದ್ದಳು. ಎರಡು ವರ್ಷದ ಹಿಂದೆ ಸೇರಿದ ಟೀಚರ್, ದಿನಾ ನನ್ನ ಜೊತೆ ಗೋಣಿಬೀಡಿನವರೆಗೆ ಬರುತ್ತಾಳೆ. ಇಳಿಜಾರಿನ ತಿರುವಿನಲ್ಲಿ ಬಾನೆಟ್ ಒಮ್ಮೆ ನಡುಗಿದ್ದು ಕಂಡಿತು. ಮರುಕ್ಷಣ ಅದು ಮೇಲೆದ್ದು ಗಾಜಿಗೆ ಬಡಿಯಿತು. ರಸ್ತೆಯೇ ಇಲ್ಲ, ಬಿಳಿ ತಗಡು ಮಾತ್ರ. ಬ್ರೇಕ್ ತುಳಿದೆ, ಕಾರಿನ ಎಡಚಕ್ರ ಎರಡೂ ಚರಂಡಿಗೆ ಇಳಿದವು. ಸುಪ್ರಿಯಾ ಕೈ ಅಡ್ಡ ಕೊಟ್ಟಿದ್ದಳು, ಮಣಿಕಟ್ಟಿನ ಮೂಳೆ ಮುರಿಯಿತು. ಎಡಕ್ಕೆ ಚರಂಡಿಯ ಬದಲು ಕಣಿವೆ ಇದ್ದಿದ್ದರೆ ಅಂತ ಇವತ್ತಿಗೂ ಯೋಚನೆ ಬಂದು ಹೆದರಿಕೆಯಾಗುತ್ತದೆ.

ಹಿಂದೆಯೇ ಯೋಗೇಶನ ವ್ಯಾನು ಬರುತ್ತಿತ್ತು. ಎಸ್ಟೇಟಿನ ಕೂಲಿ ಲೈನುಮನೆಗಳ ಹನ್ನೊಂದು ಮಕ್ಕಳನ್ನು ನಮ್ಮ ಶಾಲೆಗೆ ತಂದು ಬಿಡುವವನು ಅವನೇ. ಅವನು ಗುರುವಯ್ಯನವರಿಗೆ ಫೋನ್ ಮಾಡಿದ. ಅವರು ಯಾರದೋ ಬೈಕಿನ ಹಿಂದೆ ಕೂತು ಬಂದವರು ನನ್ನನ್ನೂ ಮಾತಾಡಿಸದೆ ಸೊಟ್ಟಗಾದ ಬಾನೆಟ್ಟಿನ ಹತ್ತಿರ ಹೋದರು. ಲಾಕಿನ ಜಾಗದಲ್ಲಿ ಬಗ್ಗಿ ನೋಡಿ, ಏನನ್ನೋ ಬಿಡಿಸಿ ಜೇಬಿಗೆ ಹಾಕಿಕೊಂಡರು. ಆಮೇಲೆ ನನ್ನ ಕಡೆ ಬಂದು, "ಲಿವರಿಂದ ಲಾಕಿಗೆ ಹೋಗೋ ಕೇಬಲ್ ಬಿಗಿ ಆಗಿದೆ ಟೀಚರ್. ಲಾಕ್ ಪೂರ್ತಿ ಕೂತಿಲ್ಲ. ತಪ್ಪು ನಂದು" ಅಂದರು.

ಶುಕ್ರವಾರ ಸಂಜೆ ಅವರನ್ನು ಬೈಯಲೆಂದೇ ಶೆಡ್ಡಿಗೆ ಹೋದೆ. ಬೈಯುವುದನ್ನೆಲ್ಲ ದಾರಿಯಲ್ಲಿ ಜೋಡಿಸಿಕೊಂಡಿದ್ದೆ. ಪಕ್ಕದ ಹೋಟೆಲಿನಿಂದ ಎರಡು ಸ್ಟೀಲ್ ಲೋಟದಲ್ಲಿ ಟೀ ತರಿಸಿದರು. ನನಗೆ ಲೋಟ ಮುಟ್ಟಲಾಗಲಿಲ್ಲ, ಸೆರಗಿನಲ್ಲಿ ಹಿಡಿದೆ. ಅವರು ಅಂಗೈ ತುಂಬಾ ಹಿಡಿದುಕೊಂಡು ಕೂತಿದ್ದರು.

"ಸುಡಲ್ವಾ ಗುರುವಯ್ಯ?"

ಅವರು ಲೋಟ ನೋಡಿದರು, ಆಮೇಲೆ ಕೈ ನೋಡಿಕೊಂಡರು. "ಗೊತ್ತಾಗಲ್ಲ ಟೀಚರ್. ಬೆರಳು ಸತ್ತು ವರ್ಷ ಆಯ್ತು. ಶುಗರ್‌ಗೆ ನರ ಹೋಗಿದೆ ಅಂತ ಡಾಕ್ಟ್ರು ಹೇಳಿದ್ರು. ಕೇಬಲ್‌ಗೆ ಒಂದು ಕಾಫಿ ಬೀಜದಷ್ಟು ಸಡಿಲ ಬಿಡ್ಬೇಕು. ಬಿಟ್ಟಿದ್ದೀನಿ ಅಂದ್ಕೊಂಡೆ. ನಂಗೆ ಗೊತ್ತಾಗಿಲ್ಲ."

ಜೋಡಿಸಿಕೊಂಡಿದ್ದ ಬೈಗುಳ ಬಿಟ್ಟೆ. ಆದರೆ ಇನ್ನೊಂದು ವಿಷಯ ಹೊಳೆಯಿತು. "ಯೋಗೇಶನ ವ್ಯಾನಿನ ಬ್ರೇಕ್ ಯಾರು ನೋಡೋದು?"

"ನಾನೇ," ಅಂದರು.

ಅವರು ಲೋಟ ಕೆಳಗಿಟ್ಟರು. ಆಮೇಲೆ ಅವರೇ ಶುರು ಮಾಡಿದರು. "ಮಳೆಗೆ ನಾಳೆ ರಜೆ ಕೊಟ್ಟಿದ್ದಾರೆ, ವ್ಯಾನ್ ಹೊರಡೋದು ಸೋಮವಾರವೇ. ಅದು ಹೊರಡೋಕೆ ಮುಂಚೆ ನಾನೇ ಯೋಗೇಶನ ಹತ್ರ ಹೇಳ್ತೀನಿ. ಅವನಪ್ಪನ ಕಾಲದಿಂದ ಗಾಡಿ ನೋಡಿದ್ದೀನಿ ಟೀಚರ್, ನನ್ನ ಬಾಯಿಂದ್ಲೇ ಬರ್ಲಿ. ಭಾನುವಾರ ವಸ್ತಾರೆಯಿಂದ ಮಗಳು ಮೋನಿಕಾ ಬರ್ತಾಳೆ, ಅವಳಿಗೂ ಗೊತ್ತಿಲ್ಲ. ಮೊದ್ಲು ಅವಳಿಗೆ ಹೇಳ್ಬೇಕು. ಮೂರು ದಿನ ಸುಮ್ನಿರಿ, ಅಷ್ಟೇ."

ಆಯಿತು ಅಂದೆ. ಕೈಯಲ್ಲಿ ಕೈ ಹಾಕಿ ಅಲ್ಲದಿದ್ದರೂ, ಅವರ ಮುಖ ನೋಡಿ ಆಯಿತು ಅಂದೆ.

ಭಾನುವಾರ ಬೆಳಿಗ್ಗೆ ಸುಪ್ರಿಯಾಳನ್ನು ನೋಡಿಕೊಂಡು ಬಸ್ಸಿನಲ್ಲಿ ಬಂದು ಇಳಿದರೆ ಶೆಡ್ಡಿನೊಳಗೆ ಯೋಗೇಶನ ವ್ಯಾನು ನಿಂತಿದೆ. ಮುಂದಿನ ಚಕ್ರ ಬಿಚ್ಚಿದೆ. ಪಕ್ಕದಲ್ಲಿ ಗುರುವಯ್ಯ ಸ್ಟೂಲ್ ಹಾಕಿಕೊಂಡು ಕೂತಿದ್ದಾರೆ. ನನ್ನ ತಲೆ ಕೆಟ್ಟುಹೋಯಿತು. ನನ್ನನ್ನು ಮಾತಿನಲ್ಲಿ ಮರುಳು ಮಾಡಿ ಮತ್ತೆ ಅದೇ ಬ್ರೇಕಿಗೆ ಕೈ ಹಾಕಿದ್ದಾರೆ ಅನ್ನಿಸಿತು. ಹನ್ನೊಂದು ಮಕ್ಕಳ ಹೆಸರೂ ಹಾಜರಿ ಕೂಗುವ ಹಾಗೆ ತಲೆಯೊಳಗೆ ಬಂದವು. ನಾಲ್ಕು ಹೆಜ್ಜೆ ಹೋಗಿ ಕೇಳಬಹುದಿತ್ತು. ಕೇಳಲಿಲ್ಲ. ರಸ್ತೆಯಲ್ಲೇ ನಿಂತು ಯೋಗೇಶನಿಗೆ ಫೋನ್ ಮಾಡಿ, ನನ್ನ ಶಾಲೆಯ ಗಂಟಲಿನಲ್ಲಿ, ಹೋಟೆಲಿನವರಿಗೂ ಬಸ್ಸಿಗೆ ಕಾಯುತ್ತಿದ್ದವರಿಗೂ ಕೇಳುವ ಹಾಗೆ ಹೇಳಿದೆ. "ಗುರುವಯ್ಯನ ಬೆರಳಿಗೆ ಸ್ಪರ್ಶ ಇಲ್ಲ ಮಾರಾಯ. ವರ್ಷದಿಂದ ಇಲ್ಲ. ನನ್ನ ಕಾರು ಚರಂಡಿಗೆ ಬಿದ್ದಿದ್ದು ಅದಕ್ಕೇ. ಮೊದ್ಲು ಬಂದು ನಿನ್ನ ವ್ಯಾನ್ ತಗೊಂಡು ಹೋಗು."

ಫೋನ್ ಇಟ್ಟಾಗ ವ್ಯಾನಿನ ಅಡಿಯಿಂದ ಒಬ್ಬ ಹೊರಗೆ ಬಂದ. ಮೂಡಿಗೆರೆಯ ಮೆಕ್ಯಾನಿಕ್ ಅಭಿಷೇಕ್. ವ್ಯಾನಿನ ಬ್ರೇಕನ್ನೆಲ್ಲ ಮತ್ತೆ ಒಂದು ಸಲ ಬಿಚ್ಚಿ ನೋಡಲು ಗುರುವಯ್ಯನವರೇ ಅವನನ್ನು ಕರೆಸಿದ್ದರು. ಅವರ ಕೈ ಗಾಡಿಗೆ ತಾಗಿಯೇ ಇರಲಿಲ್ಲ. ಶೆಡ್ಡಿನ ಹಿಂದಿನ ಬಾಗಿಲಿನಲ್ಲಿ ಮೋನಿಕಾ ನಿಂತಿದ್ದಳು, ಆಗಷ್ಟೇ ಬಂದಿರಬೇಕು, ಹೆಗಲಿನ ಬ್ಯಾಗ್ ಇನ್ನೂ ಇಳಿಸಿರಲಿಲ್ಲ. "ಅಪ್ಪಾ, ಟೀಚರ್ ಎಂತ ಹೇಳ್ತಿದ್ದಾರೆ?" ಅಂತ ಕೇಳಿದಳು. ಗುರುವಯ್ಯ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡರು. ನಾನು ಅಲ್ಲಿ ನಿಲ್ಲಲಿಲ್ಲ, ಮನೆಗೆ ಬಂದುಬಿಟ್ಟೆ.

ಸೋಮವಾರ ವ್ಯಾನು ಹೊರಡುವ ಹೊತ್ತಿಗೆ ಗುರುವಯ್ಯ ಒಗೆದ ಅಂಗಿ ಹಾಕಿಕೊಂಡು ಯೋಗೇಶನ ಮನೆಗೆ ಹೋದರಂತೆ. "ಗೊತ್ತಾಯ್ತು ಬಿಡಿ, ಇಡೀ ಊರಿಗೆ ಗೊತ್ತಾಯ್ತು. ಇಷ್ಟು ದಿನ ಮಕ್ಕಳನ್ನ ಕೂರಿಸಿ ಓಡಿಸಿದ್ನಲ್ಲ ನಾನು" ಅಂತ ಯೋಗೇಶ ಮುಖ ತಿರುಗಿಸಿದನಂತೆ. ಮುಚ್ಚಿಟ್ಟಿದ್ದರು, ಟೀಚರ್ ಹಿಡಿದು ಹಾಕಿದರು. ಊರಿನಲ್ಲಿ ಮಾತು ಹೀಗೆ ನಿಂತಿತು. ಸ್ಟಾಫ್ ರೂಮಿನಲ್ಲಿ ನನ್ನನ್ನು ಹೊಗಳಿದರು. ಹಾಗಲ್ಲ ಅಂತ ನಾನು ಹೇಳಲಿಲ್ಲ. ವಾರದೊಳಗೆ ಶೆಡ್ಡಿಗೆ ಗಾಡಿಗಳು ಬರುವುದು ನಿಂತಿತು.

ಆಗಸ್ಟ್ ಕೊನೆಗೆ ನನ್ನ ಕಾರು ಮೂಡಿಗೆರೆಯಿಂದ ಸರಿಯಾಗಿ ಬಂತು. ಬಾನೆಟ್ ಹೊಸದು, ಎರಡನೇ ಕೊಕ್ಕೆಯೂ ಹೊಸದು. ಲಿವರ್ ಮಾತ್ರ ಹದಿನೈದು ದಿನಕ್ಕೆ ಮತ್ತೆ ಅಲುಗಾಡಲು ಶುರು ಮಾಡಿತು. ಮತ್ತೆ ಮೂಡಿಗೆರೆಗೆ ಹೋಗಬಹುದಿತ್ತು. ಗುರುವಯ್ಯನವರ ಶೆಡ್ಡಿನ ಮುಂದೆ ನಿಲ್ಲಿಸಿದೆ. ಅವರು ಅದೇ ಸ್ಟೂಲಿನ ಮೇಲೆ ಕೂತಿದ್ದರು. ಎದ್ದು ಬಂದು, ಲಿವರ್ ಅಲುಗಿಸಿ ನೋಡಿ, ಒಂದು ಅಗಲದ ವಾಷರ್ ಮತ್ತು ಸ್ಪ್ಯಾನರ್ ನನ್ನ ಕೈಗೆ ಕೊಟ್ಟರು.

"ನೀವೇ ಕೂತ್ಕೊಳ್ಳಿ ಟೀಚರ್. ನಾನು ಹೇಳ್ತೀನಿ."

ಐವತ್ತೈದನೇ ವಯಸ್ಸಿಗೆ ಸೀರೆ ಸಿಕ್ಕಿಸಿಕೊಂಡು ನಾನು ನೆಲದಲ್ಲಿ ಮಂಡಿಯೂರಿದೆ. ಬೋಲ್ಟಿನ ಹಿಂದೆ ಪ್ಲಾಸ್ಟಿಕ್ಕಿನ ತೂತು ಸವೆದು ಅಗಲವಾಗಿತ್ತು. ವಾಷರ್ ಹಾಕಿ ತಿರುಗಿಸಿದೆ. "ಕೈಗೆ ತಡೆ ಸಿಕ್ಕಿದ ಮೇಲೆ ಕಾಲು ಸುತ್ತು. ಹೆಚ್ಚಾದ್ರೆ ಪ್ಲಾಸ್ಟಿಕ್ ಸೀಳುತ್ತೆ. ಈಗ ಕೇಬಲ್ ಹಿಡೀರಿ. ಆಡುತ್ತಾ?" ಕೇಬಲ್ ನನ್ನ ಎರಡು ಬೆರಳಿನ ನಡುವೆ ಸ್ವಲ್ಪವೇ ಆಡಿತು. "ಒಂದು ಕಾಫಿ ಬೀಜದಷ್ಟು," ಅಂದೆ. "ಅಷ್ಟೇ ಬೇಕು" ಅಂದರು. ಆಮೇಲೆ ಬಾನೆಟ್ ಎತ್ತಿ ಕೈಬಿಡಲು ಹೇಳಿ ಅವರು ಕಣ್ಣು ಮುಚ್ಚಿ ನಿಂತರು. ಎರಡು ಶಬ್ದವೂ ಕೇಳಿದವು. ಅವರು ಸರಿ ಅನ್ನುವ ಹಾಗೆ ತಲೆಯಾಡಿಸಿದರು.

ನನಗೆ ತಡೆಯಲಾಗಲಿಲ್ಲ. "ನಾನು ಸೋಮವಾರದವರೆಗೆ ಕಾಯಬೇಕಿತ್ತು ಗುರುವಯ್ಯ. ತಪ್ಪಾಯ್ತು."

ಅವರು ಗೂಡಿನಿಂದ ಒಂದು ಹಳೆಯ ಬೇರಿಂಗ್ ಡಬ್ಬಿ ತಂದು, ಅದರೊಳಗಿದ್ದ ದಾರ ತೆಗೆದು ನನ್ನ ಕೈಗೆ ಹಾಕಿದರು. ಗೋಣಿಚೀಲ ಹೊಲಿಯುವ ದಾರ, ಒಂದು ಗೇಣು ಉದ್ದ. ಗಂಟು ನೋಡಿದ ಕೂಡಲೇ ಗೊತ್ತಾಯಿತು. ವಿಷ್ಣುಮೂರ್ತಿ ತೋರಣ ಕಟ್ಟುವಾಗ ಹಾಕುವ ಗಂಟು.

"ಎರಡನೇ ಕೊಕ್ಕೆಯನ್ನ ಇದ್ರಲ್ಲಿ ಹಿಂದಕ್ಕೆ ಎಳೆದು ಕಟ್ಟಿದ್ರು. ಅದು ಸರಿ ಇದ್ದಿದ್ರೆ ನನ್ನ ತಪ್ಪಿಗೂ ಬಾನೆಟ್ ಹಾರ್ತಿರ್ಲಿಲ್ಲ. ಐನೋರ ಹೆಸರು ಯಾಕೆ ಬರ್ಬೇಕು ಅಂತ ಆವತ್ತೇ ಬಿಚ್ಚಿ ಇಟ್ಕೊಂಡೆ. ಯಾರ ಹತ್ರವೂ ಹೇಳಿಲ್ಲ ಟೀಚರ್. ಮೋನಿಕಾ ಹತ್ರವೂ."

ಮನೆಗೆ ಬಂದು ದಾರವನ್ನು ಗಂಡನ ಮುಂದೆ ಇಟ್ಟೆ. ಅವರು ಅದನ್ನು ಎತ್ತಿಕೊಂಡು ಗಂಟು ನೋಡಿದರು. "ನೀನೇ ಅಲ್ವಾ ಗತಿ ಕಾಣಿಸಿ ಅಂದಿದ್ದು," ಅಂದರು.

ಸುಪ್ರಿಯಾಳಿಗೆ ಹೇಳಬೇಕು. ಯೋಗೇಶನಿಗೆ, ಹೋಟೆಲಿನವರಿಗೆ, ನನ್ನನ್ನು ಹೊಗಳಿದವರಿಗೆಲ್ಲ ಹೇಳಬೇಕು. ಸುಪ್ರಿಯಾಳ ಪ್ಲಾಸ್ಟರ್ ಬಿಚ್ಚಿದ್ದಾರೆ, ಆದರೆ ಬೋರ್ಡಿನ ಮೇಲೆ ಬರೆಯುವಾಗ ಇನ್ನೂ ಎಡಗೈಯಲ್ಲಿ ಬಲಗೈಯನ್ನು ಆನಿಸಿಕೊಳ್ಳುತ್ತಾಳೆ. ದಿನಾ ನನ್ನ ಪಕ್ಕದಲ್ಲೇ ಕೂತು ಬರುತ್ತಾಳೆ. ದಾರ ನನ್ನ ಬ್ಯಾಗಿನಲ್ಲಿದೆ. ಗುರುವಯ್ಯ ಮೂರು ದಿನ ಕೇಳಿದ್ದರು, ನಾನು ಕೊಡಲಿಲ್ಲ. ನಾನು ಏಳು ವಾರದಿಂದ ಸುಮ್ಮನಿದ್ದೇನೆ.